ನಡುಹಗಲು ಹುಟ್ಟಿದ ದಿನ

ಮೇ 6

ಅಕ್ಕಾ,

ಮೊದಲು ನನ್ನ ಸುದ್ದಿ, ನಿನ್ನ ಮಂಡಿನೋವು ಆಮೇಲೆ. ರೇಸ್ ಕ್ಲಬ್ಬಿನ ಕಾರ್ಯದರ್ಶಿಗಳು ಕರೆಸಿದ್ದರು. ಎರಡು ವರ್ಷದ ಕುದುರೆಗಳ ಓಟಕ್ಕೆ ಈ ನವೆಂಬರಿಗೆ ಎಪ್ಪತ್ತೈದು ತುಂಬುತ್ತೆ, ಅದರ ಚರಿತ್ರೆಯನ್ನು ನಾನು ಬರೆಯಬೇಕಂತೆ. "ಮೂವತ್ತು ವರ್ಷ ನಮ್ಮ ರೇಸ್ ಪುಸ್ತಕದ ಕರಡು ತಿದ್ದಿದ್ದೀರಿ, ನಮ್ಮ ತಪ್ಪುಗಳು ನಿಮಗೆ ಗೊತ್ತಿರೋಷ್ಟು ಬೇರೆ ಯಾರಿಗೆ ಗೊತ್ತು" ಅಂದರು. ಹೊಗಳಿದರೋ ಕಾಲೆಳೆದರೋ ತಿಳಿಯಲಿಲ್ಲ. ಹೂಂ ಅಂದುಬಿಟ್ಟೆ.

ಕ್ಲಬ್ಬಿನ ನೆಲಮಾಳಿಗೆಯಲ್ಲಿ ಒಂದು ಮೇಜು, ಒಂದು ದೀಪ, ಒಂದು ಕುಂಟು ಕುರ್ಚಿ ಕೊಟ್ಟಿದ್ದಾರೆ. ಎತ್ತರದಲ್ಲಿ ಒಂದು ಕಿಟಕಿ, ಅದರಲ್ಲಿ ಹೋಗಿಬರುವವರ ಕಾಲು ಮಾತ್ರ ಕಾಣುತ್ತೆ. ಎರಡೋ ನಾಲ್ಕೋ ಎಣಿಸಿ ಮನುಷ್ಯರೋ ಕುದುರೆಯೋ ಹೇಳಬೇಕು. ಅಪ್ಪ ಕುದುರೆ ಹೆರಿಸುವ ಕೆಲಸಕ್ಕಿದ್ದ ನಮ್ಮ ಸ್ಟಡ್ ಮುಚ್ಚಿದಾಗ ಅಲ್ಲಿನ ಕಾಗದಪತ್ರವೆಲ್ಲ ಹನ್ನೊಂದು ಟ್ರಂಕಿನಲ್ಲಿ ಇಲ್ಲಿಗೇ ಬಂತಂತೆ. ಮೂಲೆಯಲ್ಲಿ ಪೇರಿಸಿಟ್ಟಿದ್ದಾರೆ, ಇನ್ನೂ ಮುಟ್ಟಿಲ್ಲ.

ಓದಿದಷ್ಟೂ ನಗು ಬರುತ್ತೆ. ಮೊದಲ ವರ್ಷ ಓಡಿದ್ದು ಐದೇ ಕುದುರೆ. ಬಾವುಟ ಬೀಸಿದ ಕೂಡಲೇ ಒಂದು ಕುದುರೆ ಹಿಂದಕ್ಕೆ ತಿರುಗಿ ನೇರ ತನ್ನ ಲಾಯಕ್ಕೆ ಹೋಗಿ ಹುಲ್ಲು ತಿನ್ನುತ್ತಾ ನಿಂತಿತಂತೆ. ಅದರ ಯಜಮಾನರು ಕ್ಲಬ್ಬಿನ ಅಧ್ಯಕ್ಷರು, ಹಾಗಾಗಿ ದಾಖಲೆಯಲ್ಲಿ "ಐದನೇ ಸ್ಥಾನ" ಅಂತ ಗೌರವವಾಗಿ ಬರೆದಿದ್ದಾರೆ. ಎಂಟನೇ ವರ್ಷ ಮಂಜು ಕವಿದು ಗೆಲುವಿನ ಕಂಬವೇ ಕಾಣಲಿಲ್ಲ. ತೀರ್ಪುಗಾರರು ಗೊರಸಿನ ಸದ್ದು ಕೇಳಿ ತೀರ್ಪು ಕೊಟ್ಟರಂತೆ. ಹದಿನಾಲ್ಕನೇ ವರ್ಷದ ತನಕ ಐದು ಫರ್ಲಾಂಗು ಓಟ, ಆಮೇಲೆ ಆರು.

ಹೊಸಬರಿಗೆ ವಯಸ್ಸಿನ ನಿಯಮ ಬಿಡಿಸಿ ಹೇಳಬೇಕು. ಜಾತಿಕುದುರೆ ವರ್ಷದ ಯಾವ ದಿನ ಹುಟ್ಟಿದ್ದರೂ ಜನವರಿ ಒಂದಕ್ಕೆ ಎಲ್ಲಕ್ಕೂ ಒಟ್ಟಿಗೆ ಒಂದು ವರ್ಷ ಏರುತ್ತೆ ಅಂತ ನಿನಗೆ ಗೊತ್ತೇ ಇದೆ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಪಾಪದ ಮರಿ ಮೂರೇ ದಿನಕ್ಕೆ ಒಂದು ವರ್ಷದ್ದು ಅನ್ನಿಸಿಕೊಂಡು, ಸುಮಾರು ಒಂದು ವರ್ಷ ದೊಡ್ಡವುಗಳ ಜೊತೆ ಓಡಬೇಕು. ಅದಕ್ಕೇ ಬುದ್ಧಿವಂತರು ಕುದುರೆಗಳ ಮದುವೆಯನ್ನು ತಿಂಗಳು ಎಣಿಸಿಯೇ ಮಾಡಿಸೋದು.

ಈಗ ನಿನ್ನ ಪಾಲಿನ ಕೆಲಸ. ಇಪ್ಪತ್ತನೇ ಓಟ ಗೆದ್ದವಳು ನಮ್ಮ ಸ್ಟಡ್ಡಿನ ನಡುಹಗಲು. ಆರು ಫರ್ಲಾಂಗಿಗೆ ಅವಳು ಹಾಕಿದ ದಾಖಲೆಯನ್ನು ಐವತ್ತೈದು ವರ್ಷದಿಂದ ಒಂದು ಕುದುರೆಯೂ ಮುರಿದಿಲ್ಲ. ಮುಖಪುಟಕ್ಕೆ ಅವಳದೇ ಚಿತ್ರ. ಅವಳನ್ನು ತಾಯಿಯ ಹೊಟ್ಟೆಯಿಂದ ಈಚೆಗೆ ತಂದ ಕೈ ಅಪ್ಪನದು. ಲಾಯದ ಅಡುಗೆಯಜ್ಜ ಯಾವಾಗಲೂ ಹೇಳುತ್ತಿದ್ದ, "ನೀನೂ ಅವಳೂ ಒಂದೇ ದಿನ ಹುಟ್ಟಿದವರು ಕಣಮ್ಮ, ಅವಳು ನಿನಗಿಂತ ಎರಡು ಗಂಟೆ ದೊಡ್ಡವಳು" ಅಂತ. ಅಪ್ಪ ಮಾತ್ರ ಆ ಮಾತು ಬಂದರೆ ಎದ್ದು ಹೋಗೋರು. ನಿನಗೆ ಆಗ ಹದಿನಾಲ್ಕು, ಎಲ್ಲ ನೆನಪಿರುತ್ತೆ. ಆ ದಿನದ ಬಗ್ಗೆ ಒಂದು ಪುಟ ಬರೆದು ಕಳಿಸು.

ಫೋನಿನಲ್ಲಿ ಕಿವಿ ಕೇಳಲ್ಲ ಅಂತೀಯ, ಕಾಗದದಲ್ಲಾದರೂ ಬಾಯಿ ಬಿಡು. ನವೆಂಬರಿನ ಸಮಾರಂಭಕ್ಕೂ ಬರಬೇಕು.

ನಿನ್ನ ತಂಗಿ


ಮೇ 19

ಪುಟ್ಟೀ,

ಮಂಡಿ ಹೇಗಿತ್ತೋ ಹಾಗೇ ಇದೆ. ಅಂಗಡಿಯಿಂದ ಮೇಲಿನ ಮನೆಗೆ ಹದಿನಾಲ್ಕು ಮೆಟ್ಟಿಲು. ಮಧ್ಯದಲ್ಲಿ ಒಂದು ಸಲ ಕೂತು ಹತ್ತುತ್ತೀನಿ. ಶಾಲೆ ಶುರುವಾಗೋ ಹೊತ್ತು, ಇನ್ನೂರು ಯೂನಿಫಾರಂ ಬಾಕಿ ಇದೆ. ಹೊಲಿಗೆ ಹುಡುಗಿಯರು ಮಾಡ್ತಾರೆ, ಕಾಜ ಮಾತ್ರ ನಾನೇ ಹಾಕಬೇಕು. ಅವರು ಹಾಕಿದ ಕಾಜದಲ್ಲಿ ಗುಂಡಿ ತೂರುತ್ತೆ, ನಿಲ್ಲಲ್ಲ.

ಅಡುಗೆಯವನ ಮಾತು ಕಟ್ಟಿಕೊಂಡು ಚರಿತ್ರೆ ಬರೀಬೇಡ. ಸಾರಿಗೆ ಉಪ್ಪು ಹಾಕಿದ್ದೀನೋ ಇಲ್ಲವೋ ಅನ್ನೋದೇ ಅವನಿಗೆ ನೆನಪಿರುತ್ತಿರಲಿಲ್ಲ.

ನೀನು ಹುಟ್ಟಿದ್ದು ಡಿಸೆಂಬರ್ ಇಪ್ಪತ್ತೊಂಬತ್ತು, ಮಧ್ಯಾಹ್ನ ಎರಡು ಗಂಟೆ. ಬಟ್ಟೆ ಸುತ್ತಿದವಳು ನಾನು, ಅಷ್ಟು ಗ್ಯಾರಂಟಿ. ಕುದುರೆ ಯಾವತ್ತು ಹುಟ್ಟಿತು ಅಂತ ನಿಮ್ಮಪ್ಪನನ್ನು ಕೇಳಬೇಕಿತ್ತು, ಅವನು ಈಗ ಇಲ್ಲ. ನನಗೆ ಬೇರೇನೂ ನೆನಪಿಲ್ಲ.

ಸಮಾರಂಭಕ್ಕೆ ಕರೆದಿದ್ದೀಯ. ಕುದುರೆ ಬಿಟ್ಟು ಬರೋಕಾಗಲ್ಲ.

ಅಕ್ಕ


ಜೂನ್ 2

ಅಕ್ಕಾ,

ಅದೇ ಹಳೇ ಮಾತು. ಇರೋದು ಒಂದು ಹೊಲಿಗೆ ಅಂಗಡಿ, ಕುದುರೆ ಎಲ್ಲಿಂದ ಬಂತು ನಿನಗೆ? ನನ್ನ ಮಗಳ ಮದುವೆಗೆ ಕರೆದಾಗಲೂ ಇದನ್ನೇ ಬರೆದೆ, ನಾವೆಲ್ಲ ಓದಿ ನಕ್ಕೆವು. ಅಪ್ಪ ಹೋದಾಗ ತಂತಿ ಕೊಟ್ಟರೆ ನಿನ್ನಿಂದ ಬಂದ ಉತ್ತರವೂ ಅದೇ. ಆಗ ಮಾತ್ರ ನಗು ಬರಲಿಲ್ಲ. ಇನ್ನು, "ನಿಮ್ಮಪ್ಪ, ನಿಮ್ಮಪ್ಪ" ಅಂತ ಬರೀತೀಯಲ್ಲ, ನಿನಗೇನು ಬೇರೆ ಅಪ್ಪನಾ?

ಇರಲಿ. ಟ್ರಂಕು ತೆಗೆದೆ. ಮೂರನೆಯದರಲ್ಲಿ ನಡುಹಗಲಿನ ಹುಟ್ಟಿನ ಕಾರ್ಡು ಸಿಕ್ಕಿತು. ಅಪ್ಪನದೇ ದುಂಡು ಅಕ್ಷರ. ಕಾರ್ಡಿನ ಮೇಲೆ ಕುದುರೆಯ ಬರಿ ಗೆರೆಯ ಚಿತ್ರ ಅಚ್ಚಾಗಿರುತ್ತಲ್ಲ, ಅದರಲ್ಲಿ ಅಪ್ಪ ಕೆಂಪು ಶಾಯಿಯಲ್ಲಿ ಸುಳಿಗಳನ್ನು ಗುರುತು ಮಾಡಿದ್ದಾರೆ. ಹಣೆಯಲ್ಲಿ ಎರಡು ಸುಳಿ, ಕತ್ತಿನ ಎಡಕ್ಕೆ ಒಂದು, ಎಡ ಹಿಂಗಾಲಿಗೆ ಗಿಣ್ಣಿನ ತನಕ ಬಿಳುಪು. ಲಕ್ಷ ಕುದುರೆಯಲ್ಲಿ ನಿಲ್ಲಿಸಿದರೂ ಅವಳನ್ನು ಹುಡುಕಿ ತೆಗೆಯಬಹುದು, ಅಷ್ಟು ಅಚ್ಚುಕಟ್ಟು.

ಆದರೆ ಹುಟ್ಟಿದ ದಿನ ಅಂತ ಇರೋದು ಜನವರಿ 3, ಬೆಳಗಿನ ಜಾವ ಎರಡು ಗಂಟೆ. ನನಗಿಂತ ಐದು ದಿನ ಚಿಕ್ಕವಳು. ಐವತ್ತು ವರ್ಷ "ನಾನೂ ಅವಳೂ ಒಂದೇ ದಿನ" ಅಂತ ಊರೆಲ್ಲ ಜಂಬ ಕೊಚ್ಚಿಕೊಂಡು ಬಂದೆ, ನನ್ನ ಮುಖ ಸಪ್ಪೆಯಾಯಿತು.

ಆಮೇಲೆ ಕರಡು ತಿದ್ದೋ ಹಾಳು ಕಣ್ಣು ಸುಮ್ಮನಿರಬೇಕಲ್ಲ. ಬೆಳಗಿನ ಜಾವ ಎರಡಕ್ಕೆ ಹುಟ್ಟಿದ ಮರಿಗೆ ಯಾರಾದರೂ ನಡುಹಗಲು ಅಂತ ಹೆಸರಿಡುತ್ತಾರಾ? ಇಟ್ಟವರು ಯಾರು, ಯಾಕೆ? ನಿನಗೆ ಗೊತ್ತಿದ್ದರೆ ಹೇಳು. ಇಷ್ಟು ಸಣ್ಣ ವಿಷಯ ನನ್ನ ತಲೆ ತಿನ್ನುತ್ತಿದೆ.

ತಂಗಿ


ಜೂನ್ 13

ಪುಟ್ಟೀ,

ಕಾರ್ಡಿನಲ್ಲಿ ಏನಿದೆಯೋ ಅದನ್ನೇ ಬರಿ. ಕಾರ್ಡಿಗಿಂತ ನಿನಗೆ ಹೆಚ್ಚು ಗೊತ್ತಾ? ಕುದುರೆಗೆ ಏನೇನೋ ಹೆಸರಿಡುತ್ತಾರೆ. ನಮ್ಮ ಬೀದಿಯಲ್ಲಿ ಸಿಂಹ ಅಂತ ಒಂದು ನಾಯಿ ಇದೆ, ಬೆಕ್ಕು ಕಂಡರೆ ಓಡುತ್ತೆ.

ಆ ಟ್ರಂಕು ಮುಚ್ಚಿಬಿಡು. ಸತ್ತವನ ಅಕ್ಷರ ಕೆದಕಿ ಯಾರಿಗೆ ಏನಾಗಬೇಕು.

ಅಕ್ಕ


ಜೂನ್ 20

ಅಕ್ಕಾ,

ಟ್ರಂಕು ಮುಚ್ಚಲಿಲ್ಲ. ಮುಚ್ಚಬೇಕಿತ್ತೇನೋ.

ಆರನೇ ಟ್ರಂಕಿನಲ್ಲಿ ಸ್ಟಡ್ಡಿನ ಗೇಟ್ ಪುಸ್ತಕ ಇತ್ತು. ಡಿಸೆಂಬರ್ 29, ಮಧ್ಯಾಹ್ನ ಹನ್ನೆರಡೂವರೆಯಿಂದ ಗೇಟು ಬಂದ್, ಕುದುರೆಗಳಿಗೆ ಅಂಟುಜಾಡ್ಯ, ಒಳಗಿನವರು ಹೊರಗೆ ಹೊರಗಿನವರು ಒಳಗೆ ಹೋಗುವಂತಿಲ್ಲ ಅಂತ ಬರೆದಿದೆ. ತೆಗೆದದ್ದು ಜನವರಿ 3, ಬೆಳಿಗ್ಗೆ. ಸರಿ, ಯಾವ ಜಾಡ್ಯ ಅಂತ ಕುದುರೆ ಡಾಕ್ಟರ ಪುಸ್ತಕ ತೆಗೆದೆ. ಆ ಐದು ದಿನದಲ್ಲಿ ಒಂದು ಕುದುರೆ ಕೆಮ್ಮಿದ್ದೂ ಇಲ್ಲ. ಡಾಕ್ಟರು ಬಂದೇ ಇಲ್ಲ.

ಜಾಡ್ಯ ಇರಲಿಲ್ಲ ಅಕ್ಕ. ಮರಿ ಹುಟ್ಟಿತ್ತು. ಇಪ್ಪತ್ತೊಂಬತ್ತರ ನಡುಹಗಲಿಗೆ, ಎಣಿಸಿದ್ದಕ್ಕಿಂತ ಮೊದಲೇ ಹುಟ್ಟಿತ್ತು. ಹಾಗೇ ಬರೆದಿದ್ದರೆ ಮೂರೇ ದಿನಕ್ಕೆ ಒಂದು ವರ್ಷ ಏರುತ್ತಿತ್ತು. ಈ ಓಟದ ಹೊತ್ತಿಗೆ ಅವಳು ಲೆಕ್ಕಕ್ಕೆ ಮೂರು ವರ್ಷದವಳು, ಎರಡು ವರ್ಷದವರ ಓಟದಲ್ಲಿ ಕಾಲಿಡುವ ಹಾಗೇ ಇಲ್ಲ. ಅದಕ್ಕೇ ಸುದ್ದಿ ಆಚೆ ಹೋಗದ ಹಾಗೆ ಗೇಟು ಹಾಕಿಸಿ, ಐದು ದಿನ ಕಾದು, ಮೂರನೇ ತಾರೀಖು "ಈಗ ಹುಟ್ಟಿತು" ಅಂತ ಕಾರ್ಡು ಬರೆಸಿದರು. ಬರೆದವರು ಅಪ್ಪ.

ಅಪ್ಪ ಸುಳ್ಳು ಬರೆದರು ಅಂತ ಬರೆಯೋಕೆ ನನ್ನ ಕೈ ಬರುತ್ತಿಲ್ಲ. ಒಂದು ತಾರೀಖು ತಪ್ಪಿದ್ದಕ್ಕೆ ಹದಿನಾರು ಪುಟದ ಇಡೀ ಫಾರಂ ಮತ್ತೆ ಅಚ್ಚು ಹಾಕಿಸಿದವಳು ನಾನು. ಆ ಶಿಸ್ತು ಅಪ್ಪನಿಂದ ಬಂತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ನಿನ್ನ ಮೇಲೂ ಸಿಟ್ಟಿದೆ. ನಿನಗೆ ಗೊತ್ತಿತ್ತು. ಅದಕ್ಕೇ ಟ್ರಂಕು ಮುಚ್ಚು ಅಂದೆ. ಅಪ್ಪನ ಮುಖ ನೋಡೋಕೂ ಬರದವಳು, ಈಗ ಅವರ ಹೆಸರು ಉಳಿಸೋಕೆ ಅವರ ಪರ ವಹಿಸುತ್ತಿದ್ದೀಯ. ಯಾಕೆ ಅಂತ ಹೇಳು, ಇಲ್ಲದಿದ್ದರೆ ನನಗೆ ತೋಚಿದ್ದನ್ನು ನಾನು ಬರೆದುಬಿಡುತ್ತೀನಿ.

ತಂಗಿ


ಜುಲೈ 1

ಪುಟ್ಟೀ,

ನಾನು ಅವನ ಪರ ವಹಿಸಿದೆ ಅಂದೆಯಾ? ನಾನಾ?

ಮಷಿನ್ನು ನಿಲ್ಲಿಸಿ ಹುಡುಗಿಯರನ್ನು ಮನೆಗೆ ಕಳಿಸಿ ಬರೆಯೋಕೆ ಕೂತಿದ್ದೀನಿ. ಕೂತು ಓದು.

ಅಮ್ಮ ನೀನು ಹುಟ್ಟಿ ಎಂಟು ದಿನಕ್ಕೆ ಜ್ವರ ಬಂದು ಹೋದಳು ಅಂತ ನಿನಗೆ ಹೇಳಿಕೊಟ್ಟಿದ್ದೀವಿ. ಆ ಜ್ವರ ನಾನು ಹುಟ್ಟಿಸಿದ್ದು. ಹುಟ್ಟಿದ ದಿನವೇ ಅಮ್ಮ ಹೋದಳು ಅಂದರೆ ನೀನು ಅದನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗ್ತೀಯ ಅಂತ. ನಿಮ್ಮಪ್ಪ ಕೇಳಿ ತಲೆಯಾಡಿಸಿದ, ಅಷ್ಟೇ.

ಅಮ್ಮ ಹೋದದ್ದು ನೀನು ಹುಟ್ಟಿದ ದಿನ, ಸಂಜೆ ಐದಕ್ಕೆ. ನೀನು ಸಲೀಸಾಗಿ ಬಂದೆ. ಆಮೇಲೆ ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ಮನೆಯಲ್ಲಿದ್ದ ಬಟ್ಟೆ ಎಲ್ಲ ಮುಗಿಸಿದಳು, ನನ್ನ ಶಾಲೆಯ ಲಂಗವನ್ನೂ ತಗೊಂಡಳು. "ಆಸ್ಪತ್ರೆಗೆ ಸಾಗಿಸಬೇಕು, ಓಡಿ ಹೋಗಿ ನಿಮ್ಮಪ್ಪನಿಗೆ ಹೇಳು, ಸ್ಟಡ್ಡಿನ ಗಾಡಿ ತರಲಿ" ಅಂದಳು. ಸುತ್ತಮುತ್ತ ಇದ್ದದ್ದು ಅದೊಂದೇ ಗಾಡಿ.

ಓಡಿದೆ. ಗೇಟು ಹಾಕಿತ್ತು. ಕಂಬಿ ಹಿಡಿದುಕೊಂಡು ಗೇಟಿನವನಿಗೆ ಹೇಳಿದೆ, ಅಮ್ಮನಿಗೆ ಜಾಸ್ತಿಯಾಗಿದೆ, ಅಪ್ಪ ಬರಬೇಕು, ಗಾಡಿ ಬೇಕು ಅಂತ. ಅವನು ಒಳಗೆ ಹೋದ. ಗಡಿಯಾರ ಇರಲಿಲ್ಲ, ಕಾಲು ಗಂಟೆ ಅಂತ ಇಟ್ಟುಕೋ. ವಾಪಸ್ಸು ಬಂದು ಗೇಟಿನ ಆ ಕಡೆಯಿಂದಲೇ ಹೇಳಿದ. "ನಿಮ್ಮಪ್ಪ ಹೇಳಿದ್ದಾರೆ, ಕುದುರೆ ಬಿಟ್ಟು ಬರೋಕಾಗಲ್ಲ, ಮನೆಯಲ್ಲೇ ನೋಡಿಕೊಳ್ಳಿ ಅಂತ."

ಇನ್ನು ನೀನು ಆ ಮಾತಿಗೆ ನಗು ನೋಡೋಣ.

ವಾಪಸ್ಸು ಬರುವಾಗ ನಾನು ಓಡಲಿಲ್ಲ, ನಡೆದೆ. ಓಡಿ ಏನು ಸುದ್ದಿ ತಲುಪಿಸಬೇಕಿತ್ತು? ಅಮ್ಮ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳು. "ಬರ್ತಾರಾ?" ಅಂದಳು. "ಬರ್ತಿದಾರೆ" ಅಂದೆ. ಸೂಲಗಿತ್ತಿಗೂ ಹಾಗೇ ಅಂದೆ. ಐದು ಗಂಟೆ ತನಕ ಅಮ್ಮ ಬಾಗಿಲನ್ನೇ ನೋಡಿದಳು. ಸಾಯುವವಳಿಗೆ ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಿ ಗೇಟಿನ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಜಾಡ್ಯ ಬಂದು ಗೇಟು ಹಾಕಿದ್ದಾರೆ, ಪಾಪ ಅವನೇನು ಮಾಡ್ತಾನೆ ಅಂತ ಸ್ಟಡ್ಡಿನವರು ಕೊಟ್ಟ ಮನೆಗಳ ವಠಾರದವರೇ ಅವನಿಗೆ ಮರುಗಿದರು. ಮೂರನೇ ತಾರೀಖು ಬಂದ. ನಾನು ನಿನ್ನನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿದೆ.

ನಾಲ್ಕು ವರ್ಷ ನಿನ್ನನ್ನು ಸಾಕಿ, ನೀನು ನಿನ್ನ ಕೈಯಲ್ಲೇ ತಿನ್ನೋದು ಕಲಿತ ಮೇಲೆ ಹೊಲಿಗೆ ಕಲಿಯೋ ನೆಪ ಮಾಡಿ ಈ ಊರಿಗೆ ಬಂದೆ. ಆಮೇಲೆ ಅವನ ಮುಖ ನೋಡಲಿಲ್ಲ. ಟ್ರಂಕು ಮುಚ್ಚು ಅಂದದ್ದು ಅವನಿಗೋಸ್ಕರ ಅಲ್ಲ, ನಿನಗೋಸ್ಕರ. ನಿನಗಾದರೂ ಒಬ್ಬ ಅಪ್ಪ ಇರಲಿ ಅಂತ.

ಅಕ್ಕ


ಆಗಸ್ಟ್ 9

ಅಕ್ಕಾ,

ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ಪೆನ್ನು ಹಿಡಿದಾಗಲೆಲ್ಲ ಎದ್ದು ಬೇರೆ ಏನೋ ಮಾಡಿದೆ. ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ.

ಕೊನೆಯ ಮೂರು ವರ್ಷ ಅಪ್ಪನಿಗೆ ನಾನೇ ತುತ್ತು ಮಾಡಿ ತಿನ್ನಿಸಿದೆ. ಮೀಸೆ ಒರೆಸಿದೆ. ಒಂದೊಂದು ತುತ್ತೂ ಈಗ ನೆನಪಾಗುತ್ತೆ. ಆ ಕೈ ಆವತ್ತು ಒಂದು ಮರಿಯ ಮೈ ಒರೆಸುತ್ತಾ ಕೂತಿತ್ತು, ನಮ್ಮಮ್ಮ ಬಾಗಿಲು ನೋಡುತ್ತಿದ್ದಳು.

ಅಪ್ಪನ ಫೋಟೋ ಗೋಡೆಯಿಂದ ತೆಗೆದೆ. ಪುಸ್ತಕ ನನ್ನಿಂದ ಆಗಲ್ಲ ಅಂತ ಕಾರ್ಯದರ್ಶಿಗಳಿಗೆ ಹೇಳಿದೆ. ಅರ್ಧ ಅಚ್ಚಾಗಿದೆ, ಅಕ್ಟೋಬರಿಗೆ ಮುಗಿಸಲೇಬೇಕು ಅಂದರು. ಅವರಿಗೆ ಇನ್ನೂ ಏನೂ ಹೇಳಿಲ್ಲ.

ನೀನು ಒಬ್ಬಳೇ ಇದನ್ನು ಹೇಗೆ ಹೊತ್ತೆ?

ತಂಗಿ


ಆಗಸ್ಟ್ 17

ಪುಟ್ಟೀ,

ಫೋಟೋ ವಾಪಸ್ಸು ಹಾಕು. ನನಗೆ ಅವನು ಏನೇ ಆಗಿರಲಿ, ನಿನಗೆ ಜಡೆ ಹಾಕಿದವನು, ಶಾಲೆಗೆ ಬಿಟ್ಟವನು. ಗೋಡೆಯಲ್ಲಿ ಬರೀ ಮೊಳೆ ಇದ್ದರೆ ನೋಡೋಕೂ ಚೆನ್ನಾಗಿರಲ್ಲ.

ಹೇಳಬಾರದಿತ್ತು ನಾನು. ಹೇಳಿದ ಮೇಲೆ ನಿದ್ದೆ ಚೆನ್ನಾಗಿ ಬರುತ್ತಿದೆ ಅನ್ನೋದು ನನಗೇ ಆಶ್ಚರ್ಯ.

ಅಕ್ಕ


ಸೆಪ್ಟೆಂಬರ್ 3

ಅಕ್ಕಾ,

ಅಂಗಡಿಯಲ್ಲಿ ನಿಂತುಕೊಂಡು ಓದಬೇಡ. ಮನೆಗೆ ಹೋಗಿ ಕೂತು ಓದು. ಮೆಟ್ಟಿಲ ಮೇಲೂ ಬೇಡ.

ಮರಿ ಹುಟ್ಟುವಾಗ ಅಪ್ಪ ಲಾಯದಲ್ಲೇ ಒಂದು ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳುತ್ತಿದ್ದರು, ನೆನಪಿದೆಯಾ? ಕಚ್ಚಾ ಪುಸ್ತಕ ಅನ್ನೋರು. ಕಾಲು ಹೇಗೆ ಬಂತು, ಎಷ್ಟು ಹೊತ್ತಿಗೆ ಎದ್ದು ನಿಂತಿತು, ಯಾವಾಗ ಹಾಲು ಕುಡಿಯಿತು ಎಲ್ಲ ಅದರಲ್ಲಿ ಇರಬೇಕು. ಅದನ್ನು ನೋಡಿ ಆಮೇಲೆ ಶಾಯಿಯಲ್ಲಿ ಕಾರ್ಡು ಬರೆಯೋದು. ಕಾರ್ಡು ಸಾಹೇಬರಿಗೆ, ಕಚ್ಚಾ ಪುಸ್ತಕ ಲಾಯದವರಿಗೆ. ಅದನ್ನು ಯಾರೂ ಕೇಳುತ್ತಿರಲಿಲ್ಲ, ಹಾಗಾಗಿ ಅದರಲ್ಲಿ ಸುಳ್ಳು ಬರೆಯೋ ಅಗತ್ಯವೂ ಇರಲಿಲ್ಲ.

ಪುಸ್ತಕ ಮುಗಿಸಲೇಬೇಕಲ್ಲ ಅಂತ ಹಾಳಾಗಲಿ ಅಂದುಕೊಂಡು ಕೊನೆಯ ಟ್ರಂಕು ತೆಗೆದೆ. ಅಪ್ಪನ ಕಚ್ಚಾ ಪುಸ್ತಕಗಳು, ವರ್ಷಕ್ಕೊಂದು, ದಾರ ಕಟ್ಟಿ ಇಟ್ಟಿದ್ದವು. ಆ ವರ್ಷದ್ದನ್ನು ತೆಗೆದು ಇದ್ದದ್ದು ಇದ್ದ ಹಾಗೆ ಬರೆದು ಕಳಿಸುತ್ತಿದ್ದೀನಿ. ಒಂದು ಅಕ್ಷರ ತಿದ್ದಿಲ್ಲ.

"ಡಿ. 29. ಹಗಲು 12. ಹೆಣ್ಣು ಮರಿ. ಮುಂಗಾಲು ಎರಡೂ ಸರಿಯಾಗಿ ಬಂತು. 12.40ಕ್ಕೆ ನಿಂತಿತು. 1.20ಕ್ಕೆ ಮೊಲೆ ಹಿಡಿಯಿತು. 2ಕ್ಕೆ ಮಾಸು ಬಿತ್ತು. ಮ್ಯಾನೇಜರು ಗೇಟು ಹಾಕಿಸಿದರು. ಮೂರನೇ ತಾರೀಖಿನವರೆಗೆ ಯಾರೂ ಆಚೆ ಹೋಗುವಂತಿಲ್ಲ.

"ಡಿ. 30. ಮರಿ ಚುರುಕು. ಮನೆಯಲ್ಲಿ ದಿನ ತುಂಬಿದೆ, ಒಂದು ಗಳಿಗೆ ಹೋಗಿ ಬರುತ್ತೇನೆ ಅಂದೆ. ಬೇಡ ಅಂದರು. ಮನೆಯಿಂದ ಯಾರಾದರೂ ಬಂದಿದ್ದರಾ ಎಂದು ಗೇಟಿನವನನ್ನು ಕೇಳಿದೆ. ಯಾರೂ ಇಲ್ಲ ಅಂದ.

"ಡಿ. 31. ಕೇಳಿದೆ. ಯಾರೂ ಇಲ್ಲ.

"ಜ. 1. ಕೇಳಿದೆ. ನಿಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಂತೆ ಅಂದರು ಮ್ಯಾನೇಜರು. ಮರಿಗೆ ಏನು ಹೆಸರು ಅಂದರು. ನಡುಹಗಲು ಅಂದೆ. ಅವರಿಗೆ ಹೊಳೆಯಲಿಲ್ಲ.

"ಜ. 2. ಕೇಳಿದೆ.

"ಜ. 3. ಗೇಟು ತೆಗೆದ ಮೇಲೆ ಹೇಳಿದರು."

ಇದಾದ ಮೇಲೆ ಒಂದು ಪುಟ ಖಾಲಿ. ಆಮೇಲೆ ಹೀಗಿದೆ.

"ಜ. 9. ಮೂರನೇ ತಾರೀಖು ಹಾಕಿ ಕಾರ್ಡಿಗೆ ಸಹಿ ಮಾಡು, ಇಲ್ಲ ಮನೆ ಖಾಲಿ ಮಾಡು ಅಂದರು. ಕೈಗೂಸು. ಎಲ್ಲಿಗೆ ಹೋಗಲಿ. ಮಾಡಿದೆ.

"ಜ. 11. ನೀನು ಬರುತ್ತಿದ್ದೀ ಎಂದು ದೊಡ್ಡವಳು ಹೇಳಿದ್ದಳಲ್ಲ ಅಂದಳು ಸೂಲಗಿತ್ತಿ. ಗೇಟಿನವನನ್ನು ಕೇಳಿದೆ. ಯಾರೂ ಬಂದೇ ಇಲ್ಲ ಎಂದು ಆಣೆ ಇಟ್ಟ. ಊಟಕ್ಕೆ ಕೂತಾಗ ದೊಡ್ಡವಳನ್ನು ಕೇಳಿದೆ, ಗೇಟಿನಲ್ಲಿ ಯಾರು ಸಿಕ್ಕಿದ್ದರು ಮಗಾ ಎಂದು. ತಟ್ಟೆ ಬಿಟ್ಟು ಎದ್ದಳು. ಇನ್ನು ಕೇಳುವುದಿಲ್ಲ. ಅವಳ ಸಿಟ್ಟು ನ್ಯಾಯವಾದದ್ದು. ನಾನು ಇರಲಿಲ್ಲ."

ಇಷ್ಟೇ ಅಕ್ಕ. ಜನವರಿ 12ರಿಂದ ಮತ್ತೆ ಬರೀ ಕುದುರೆ.

ಗೇಟಿನವನು ಒಳಗೆ ಹೋದದ್ದು ಅಪ್ಪನ ಹತ್ತಿರ ಅಲ್ಲ, ಮ್ಯಾನೇಜರ ಹತ್ತಿರ ಇರಬೇಕು. ನಿನಗೆ ಬಂದ ಮಾತು ಅಪ್ಪನದಲ್ಲ.

ಕಾರ್ಯದರ್ಶಿಗಳಿಗೆ ಎಲ್ಲ ತೋರಿಸಿದೆ. ಎದ್ದು ಬಾಗಿಲು ಹಾಕಿ ಬಂದರು. "ಐದೇ ದಿನ ತಾನೇ, ಅಷ್ಟು ಹಳೆಯದು, ಬಿಟ್ಟುಬಿಡೋಣವಾ" ಅಂದರು. ನಿನ್ನನ್ನು ಕೇಳಿ ಹೇಳುತ್ತೀನಿ ಅಂದಿದ್ದೀನಿ. ಕಾರ್ಡಿನ ತಾರೀಖು ಹಾಕಲಾ, ಕಚ್ಚಾ ಪುಸ್ತಕದ್ದು ಹಾಕಲಾ?

ಪುಟ್ಟಿ


ಸೆಪ್ಟೆಂಬರ್ 28

ಪುಟ್ಟೀ,

ನಿನ್ನ ಕಾಗದ ಬಂದು ಮೂರು ವಾರ. ಮೂರು ವಾರದಿಂದ ಸೂಜಿಗೆ ದಾರ ಹೋಗುತ್ತಿಲ್ಲ. ಕಾಜ ಹಾಕೋಕೆ ಬೇರೆಯವರನ್ನು ಕೂರಿಸಿದ್ದೀನಿ. ಹುಡುಗಿಯರು ಡಾಕ್ಟರ ಹತ್ತಿರ ಹೋಗೋಣ ಅಂತಾರೆ. ಹೋಗಿ ಏನಂತ ಹೇಳಲಿ.

ಆ ತಟ್ಟೆ ನನಗೆ ನೆನಪಿದೆ. ಅಂಚು ನೆಗ್ಗಿದ ಅಲ್ಯೂಮಿನಿಯಂ ತಟ್ಟೆ. ಅಪ್ಪ ಕೇಳಿದ್ದೂ ನೆನಪಿದೆ, ಮಗಾ ಅಂದದ್ದೂ ನೆನಪಿದೆ. ತಾನೇ ಹೇಳಿ ಕಳಿಸಿ ಈಗ ಏನೂ ಗೊತ್ತಿಲ್ಲದವನ ಹಾಗೆ ಕೇಳ್ತಿದ್ದಾನೆ, ನಾನು ಊರವರ ಹತ್ತಿರ ಬಾಯಿ ಬಿಟ್ಟಿದ್ದೀನಾ ಅಂತ ತಿಳಿದುಕೊಳ್ಳೋಕೆ ನೋಡ್ತಿದ್ದಾನೆ ಅಂದುಕೊಂಡೆ. ಮೈಯೆಲ್ಲ ಉರಿದುಹೋಯಿತು. ಎದ್ದೆ. ಒಂದು ಮಾತು ಬೈದಿದ್ದರೆ ಸಾಕಿತ್ತು ಪುಟ್ಟಿ. "ಕುದುರೆ ಬಿಟ್ಟು ಬರೋಕಾಗಲ್ಲ ಅಂದೆಯಲ್ಲ" ಅಂತ ಅಪ್ಪನ ಮುಖಕ್ಕೆ ಅಂದುಬಿಟ್ಟಿದ್ದರೆ ಆವತ್ತೇ ಮುಗಿಯುತ್ತಿತ್ತು. ಜಗಳ ಮಾಡೋದನ್ನು ಬಿಟ್ಟು ಮೌನ ಸಾಧಿಸಿದೆ. ಎಂಥ ದೊಡ್ಡ ಕೆಲಸ ಮಾಡುತ್ತಿದ್ದೀನಿ ಅಂತ ಜಂಬ ಬೇರೆ.

ಇನ್ನೊಂದು ವಿಷಯ ಮೂರು ವಾರದಿಂದ ಕೊರೀತಿದೆ. ಅಮ್ಮನಿಗೆ ನಾನು ಹೇಳಿದ್ದು ಸುಳ್ಳು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅದೊಂದೇ ನಿಜ ಆಗಿತ್ತು. ಮಾತು ಮುಟ್ಟಿದ್ದರೆ ಅಪ್ಪ ಗೇಟು ಹಾರಿಯಾದರೂ ಬರುತ್ತಿದ್ದರು. ಅಮ್ಮ ನಂಬಿದಳು. ಹೇಳಿದ ನಾನೇ ನಂಬಲಿಲ್ಲ.

ತಂತಿ ಬಂದಾಗ ನಾನು ಕೊಟ್ಟ ಉತ್ತರ ಅಪ್ಪನ ಕಿವಿಗೆ ಬೀಳುವ ಹಾಗಿರಲಿಲ್ಲ, ಆಗಲೇ ಹೋಗಿದ್ದರು. ಅಷ್ಟು ಪುಣ್ಯ. ಅದನ್ನು ಬರೆಯುವಾಗ ನನಗೆ ಎಷ್ಟು ಸಮಾಧಾನವಾಗಿತ್ತು ಅಂತ ಈಗ ನೆನೆಸಿಕೊಂಡರೆ ಹೆದರಿಕೆಯಾಗುತ್ತೆ.

ತಾರೀಖು ಕೇಳಿದ್ದೀಯ. ಇಪ್ಪತ್ತೊಂಬತ್ತು ಅಂತಲೇ ಬರಿ. ಗೆಲುವು ಹೋದರೆ ಹೋಗಲಿ, ದಾಖಲೆ ಹೋದರೆ ಹೋಗಲಿ. ಕುದುರೆಯ ತಪ್ಪೇನೂ ಇಲ್ಲ, ಅವಳು ಓಡಿದ್ದು ಸುಳ್ಳಲ್ಲ, ಅದನ್ನೂ ಬರಿ. ಗೇಟು ಯಾಕೆ ಹಾಕಿದ್ದರು ಅಂತ ಬರಿ. ಐದೇ ದಿನ ತಾನೇ ಅಂದ ನಿನ್ನ ಕಾರ್ಯದರ್ಶಿಗೆ ನನ್ನ ವಿಳಾಸ ಕೊಡು.

ನವೆಂಬರಿಗೆ ಬರ್ತೀನಿ. ಬೆಳಗಿನ ರೈಲಿಗೆ ಟಿಕೆಟ್ ತರಿಸಿದ್ದೀನಿ. ಸ್ಟೇಷನ್ನಿನಲ್ಲಿ ಮೆಟ್ಟಿಲು ಜಾಸ್ತಿ, ನೀನು ಬಂದು ಕೈ ಹಿಡಿದುಕೋ. ಮೊದಲು ಓಟಕ್ಕೆ ಬೇಡ, ಆ ನೆಲಮಾಳಿಗೆಗೆ ಕರೆದುಕೊಂಡು ಹೋಗು. ಕಚ್ಚಾ ಪುಸ್ತಕದಲ್ಲಿ ಜನವರಿ 11ರ ಕೆಳಗೆ ಜಾಗ ಇದೆಯಾ ನೋಡಿಟ್ಟಿರು. ಕ್ಲಬ್ಬಿನವರು ಬೈದರೆ ಬೈಯಲಿ. ಒಂದು ಪೆನ್ಸಿಲು ಕೊಡು, ಅಪ್ಪ ಕೇಳಿದ್ದಕ್ಕೆ ಉತ್ತರ ನನ್ನ ಕೈಯಲ್ಲೇ ಬರೀತೀನಿ.

ಗೇಟಿನವನು ಸಿಕ್ಕಿದ್ದ ಅಪ್ಪಾ. ನೀನು ಬರಲ್ಲ ಅಂದ. ನಾನು ನಂಬಿದೆ.

ಅಕ್ಕ